ಒಂದು ಅಂಕದ ಪ್ರಶ್ನೆಯ ಹಕ್ಕಿ

ಹಾಸ್ಟೆಲ್‌ನ ನಮ್ಮ ಕೋಣೆಯಲ್ಲಿರುವ ನಾಲ್ವರಲ್ಲಿ ಇಬ್ಬರು ಈಗಾಗಲೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾರೆ. ಬಿ.ಇ. ಮುಗಿಯುವ ಹೊತ್ತಿಗೆ ಕೆಲಸ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ಪಿಡಿಒ, ಎಫ್‌ಡಿಎ, ಕೆಎಎಸ್ ಎಂದು ಆ ಕಡೆಯೂ ಒಂದು ಕಣ್ಣಿಟ್ಟಿರುತ್ತೇವೆ. ರಾತ್ರಿ ಊಟವಾದ ಮೇಲೆ ಒಬ್ಬ ಗೈಡ್ ಹಿಡಿದು ಪ್ರಶ್ನೆ ಕೇಳುವುದು, ಉಳಿದವರು ಉತ್ತರ ಹೇಳುವುದು ನಮ್ಮ ರೂಢಿ. ಮಾರ್ಚ್ ತಿಂಗಳ ಒಂದು ರಾತ್ರಿ ಹೀಗೇ ಪ್ರಶ್ನೆ ಬಂತು: ‘ಕರ್ನಾಟಕದ ರಾಜ್ಯ ಪಕ್ಷಿ ಯಾವುದು?’ ಮೂವರೂ ಒಟ್ಟಿಗೇ ‘ನೀಲಕಂಠ’ ಎಂದೆವು.

‘ನೋಡಿದೀರೇನ್ರೋ ಅದನ್ನ?’ ಎಂದ ಕೇಳಿದವನು.

ಯಾರೂ ಮಾತಾಡಲಿಲ್ಲ. ನಾಲ್ವರೂ ಹಳ್ಳಿಯಿಂದ ಬಂದವರೇ. ಒಂದು ಅಂಕದ ಉತ್ತರ ಬಾಯಿಗೆ ಬರುತ್ತದೆ, ಹಕ್ಕಿ ಕಣ್ಣಿಗೆ ಬರುವುದಿಲ್ಲ.

ಆ ಭಾನುವಾರ ಊರಿಗೆ ಹೋದಾಗ ಮೊಬೈಲ್‌ನಲ್ಲಿ ನೀಲಕಂಠದ ಚಿತ್ರ ತೆಗೆದು ಅಜ್ಜಿಗೆ ತೋರಿಸಿದೆ. ‘ಇದು ದಾಸಮಗರೆ ಅಲ್ಲೇನೋ? ನಮ್ಮ ಹೊಲದ ಕರೆಂಟ್ ತಂತಿ ಮೇಲೆ ಕುಂತಿರ್ತತಲ್ಲ’ ಅಂದಳು. ಹೋಗಿ ನೋಡಿದರೆ ಬದುವಿನ ಮೇಲೆ ಹಾದುಹೋದ ತಂತಿಯಲ್ಲಿ ಮಂಕು ಕಂದು ಬಣ್ಣದ ಹಕ್ಕಿಯೊಂದು ಕೂತಿತ್ತು. ಚಿಕ್ಕಂದಿನಿಂದ ಅದರ ಕೆಳಗೇ ಓಡಾಡಿದ್ದೇನೆ. ಅದು ರೆಕ್ಕೆ ಬಿಚ್ಚಿ ನೆಲಕ್ಕೆ ಇಳಿದಾಗ ಮಾತ್ರ ಆ ಕಡು ನೀಲಿ, ತಿಳಿ ನೀಲಿ ಪಟ್ಟಿಗಳು ಕಂಡವು. ಗೈಡಿನಲ್ಲಿದ್ದ ನೀಲಕಂಠವೂ ಅಜ್ಜಿಯ ದಾಸಮಗರೆಯೂ ಒಂದೇ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ನನ್ನ ಊರು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿದೆ. ಓದುತ್ತಿರುವುದು ದಾವಣಗೆರೆಯಲ್ಲಿ, ಎಲೆಕ್ಟ್ರಿಕಲ್ ವಿಭಾಗದಲ್ಲಿ, ಆರನೇ ಸೆಮಿಸ್ಟರ್. ಯುಗಾದಿಯಿಂದ ರೋಹಿಣಿ ಮಳೆಯವರೆಗೆ, ಊರಿಗೆ ಹೋದ ಪ್ರತಿ ಶನಿವಾರ ಮತ್ತು ಭಾನುವಾರ ನಾನು ಒಂದು ಕೆಲಸ ಮಾಡಿದೆ. ಬೆಳಿಗ್ಗೆ ಹಕ್ಕಿಗಳನ್ನು, ರಾತ್ರಿ ದೀಪಕ್ಕೆ ಬರುವ ಪತಂಗಗಳನ್ನು ಬರೆದಿಟ್ಟೆ. ಇದು ಹವ್ಯಾಸದ ಮಾತಾಗಿದ್ದರೆ ಈ ಪುಟಕ್ಕೆ ಬರೆಯುತ್ತಿರಲಿಲ್ಲ. ಬರೆಯುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು: ನಮ್ಮಂಥ ಊರುಗಳಲ್ಲಿ ಏನಿದೆ ಎಂದು ಯಾರೂ ಬರೆದಿಟ್ಟಿಲ್ಲ. ಬರೆದಿಡದ ಊರಿನ ಬಗ್ಗೆ ತೀರ್ಮಾನಗಳು ಮಾತ್ರ ದಿನವೂ ಆಗುತ್ತಿವೆ.

ಬೇಸಿಗೆಯ ಆರಂಭವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಚಳಿಗಾಲಕ್ಕೆಂದು ಉತ್ತರದಿಂದ ಬಂದ ಗುಲಾಬಿ ಮೈನಾಗಳು, ಸಿಪಿಲೆಗಳು ಈ ಹೊತ್ತಿಗೆ ಹೊರಟು ನಿಂತಿರುತ್ತವೆ. ಇಲ್ಲೇ ಇರುವ ಹಕ್ಕಿಗಳು ಗೂಡು ಕಟ್ಟುತ್ತವೆ. ಟಿಟ್ಟಿಭ ಉತ್ತ ಹೊಲದ ಬರಿ ನೆಲದಲ್ಲೇ ಮೊಟ್ಟೆ ಇಡುತ್ತದೆ. ಕೋಗಿಲೆ ಕೂಗಿ ಕೂಗಿ ಕಾಗೆಯ ಗೂಡು ಹುಡುಕುತ್ತದೆ. ಅಶ್ವಿನಿ, ಭರಣಿ ಮಳೆ ಒಂದೆರಡು ಹನಿ ಬಿದ್ದರೆ ಸಾಕು, ಮಣ್ಣಿನೊಳಗೆ ಕೋಶವಾಗಿ ಮಲಗಿದ್ದ ಪತಂಗಗಳು ಹೊರಗೆ ಬರುತ್ತವೆ. ಹೋಗುವವು, ಬರುವವು, ಮರಿ ಮಾಡುವವು ಎಲ್ಲ ಎರಡೇ ತಿಂಗಳಲ್ಲಿ ಸಿಗುತ್ತವೆ. ನಮ್ಮ ಸೆಮಿಸ್ಟರ್ ಪರೀಕ್ಷೆಯೂ ಅದರ ಬೆನ್ನಿಗೇ ಬರುತ್ತದೆ, ಅದು ಬೇರೆ ಮಾತು.

ವಿಧಾನ ಸರಳ. ಒಂದು ಜಾಗದಲ್ಲಿ ನಿಂತು ಅಥವಾ ನಡೆಯುತ್ತಾ ಹದಿನೈದು ನಿಮಿಷ ಕಂಡ, ಕೇಳಿದ ಎಲ್ಲ ಹಕ್ಕಿಗಳನ್ನೂ ಎಣಿಸಿ ‘ಇ-ಬರ್ಡ್’ ಆ್ಯಪ್‌ನಲ್ಲಿ ಪಟ್ಟಿ ಮಾಡುವುದು. ‘ಎಲ್ಲ’ ಎಂಬುದೇ ಇದರ ಗುಟ್ಟು. ಕಾಗೆ, ಗುಬ್ಬಿಯನ್ನು ಬಿಟ್ಟು ಅಪರೂಪದ್ದನ್ನು ಮಾತ್ರ ಬರೆದರೆ ಆ ಪಟ್ಟಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಎಲ್ಲವನ್ನೂ ಬರೆದಾಗ, ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಒಂದು ಮಾಹಿತಿಯಾಗುತ್ತದೆ. ಎರಡು ತಿಂಗಳಲ್ಲಿ ನಾನು ಮಾಡಿದ್ದು 40 ಪಟ್ಟಿ. ಅವುಗಳಲ್ಲಿ ನವಿಲು ಬಂದದ್ದು 32ರಲ್ಲಿ, ಗುಬ್ಬಚ್ಚಿ 26ರಲ್ಲಿ, ನೀಲಕಂಠ 14ರಲ್ಲಿ. ಅಂದರೆ ನವಿಲಿಗೆ ಶೇ 80, ನೀಲಕಂಠಕ್ಕೆ ಶೇ 35. ಒಬ್ಬನ ಲೆಕ್ಕದಿಂದ ಏನನ್ನೂ ಸಾಧಿಸಲಾಗದು. ಇದೇ ಲೆಕ್ಕವನ್ನು ಸಾವಿರಾರು ಜನ ವರ್ಷಗಟ್ಟಲೆ ಮಾಡಿದರೆ ದೇಶದ ಹಕ್ಕಿಗಳ ಏರಿಳಿತ ಗೊತ್ತಾಗುತ್ತದೆ.

ಹಾಗೆ ಗೊತ್ತಾಗಿಯೂ ಇದೆ. 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ಕೊಟ್ಟ ಮೂರು ಕೋಟಿಯಷ್ಟು ದಾಖಲೆಗಳ ಮೇಲೆ ನಿಂತಿದೆ. ಸರ್ಕಾರಿ, ಸರ್ಕಾರೇತರ ಸೇರಿ 13 ಸಂಸ್ಥೆಗಳು ಅದರ ಹಿಂದೆ ಇದ್ದವು. ದೀರ್ಘಾವಧಿಯ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ 204 ಕುಸಿದಿವೆ, 98 ಹಾಗೇ ಇವೆ, 36 ಹೆಚ್ಚಿವೆ. ಹೆಚ್ಚಿದವುಗಳಲ್ಲಿ ನವಿಲು ಇದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಸ್ಥಾನಮಾನವನ್ನು ಮರುಪರಿಶೀಲಿಸಬೇಕು ಎಂದು ವರದಿ ಹೇಳಿದ 14 ಜಾತಿಗಳಲ್ಲಿ ನಮ್ಮ ನೀಲಕಂಠ ಇದೆ. ಇದು ಒಂದು ಅಂಕದ ಪ್ರಶ್ನೆಯಾಗಿ ಯಾವ ಗೈಡಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ವರದಿಯಲ್ಲಿ ಪತ್ರಿಕೆಗಳ ಶೀರ್ಷಿಕೆಗೆ ಬಂದದ್ದು ‘ಶೇ 60 ಕುಸಿತ’ ಎಂಬುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಖ್ಯೆ. ವರದಿ ಪರಿಶೀಲಿಸಿದ್ದು ಒಟ್ಟು 942 ಜಾತಿಗಳನ್ನು. ಅದರಲ್ಲಿ 338 ಕಳೆದರೆ 604 ಉಳಿಯುತ್ತವೆ. ಈ 604 ಹಕ್ಕಿಗಳು ದೀರ್ಘಾವಧಿಯಲ್ಲಿ ಹೆಚ್ಚಿದವೋ ಕುಗ್ಗಿದವೋ ಹೇಳಲು ಸಾಕಷ್ಟು ಹಳೆಯ ದಾಖಲೆಯೇ ಇಲ್ಲ. ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಯಾರೂ ಬರೆದಿಡದ್ದನ್ನು ಇವತ್ತು ಎಷ್ಟೇ ದೊಡ್ಡ ಕಂಪ್ಯೂಟರ್ ಕೂತರೂ ಹೇಳಲಾರದು. ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಬಗ್ಗೆ ಇಂದು ಏನಾದರೂ ಖಚಿತವಾಗಿ ಮಾತಾಡಲು ಆಗುತ್ತಿದೆ ಎಂದರೆ, 1939–40ರಲ್ಲಿ ಸಲೀಂ ಅಲಿ ಇಲ್ಲಿ ಸುತ್ತಾಡಿ ಸಮೀಕ್ಷೆ ಮಾಡಿ ಬರೆದಿಟ್ಟದ್ದೂ ಅದಕ್ಕೆ ಒಂದು ಕಾರಣ.

ಹಕ್ಕಿಗಳ ಸ್ಥಿತಿಯೇ ಹೀಗಿದ್ದರೆ ಪತಂಗಗಳನ್ನು ಕೇಳುವವರು ಯಾರು? ಭಾರತದಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿದ್ದರೆ, ಪತಂಗಗಳು ಹತ್ತು ಸಾವಿರಕ್ಕೂ ಹೆಚ್ಚು. ಆದರೆ ಅಜ್ಜಿಯ ಬಾಯಲ್ಲಿ ಎಲ್ಲವೂ ‘ದೀಪದ ಹುಳ’. ನಾವು ಹೆಸರಿಟ್ಟು ಸಾಕಿದ ಪತಂಗ ಒಂದೇ, ರೇಷ್ಮೆಯದು. ರಾಮನಗರದ ಗೂಡಿನ ಮಾರುಕಟ್ಟೆ ನಡೆಯುವುದು ಒಂದು ಪತಂಗದ ಕೋಶದಿಂದ ಎಂಬುದನ್ನು ನಾನೂ ಯೋಚಿಸಿರಲಿಲ್ಲ.

ಪತಂಗ ನೋಡಲು ದೊಡ್ಡ ಸಲಕರಣೆ ಬೇಡ. ಹಿತ್ತಿಲ ಗೋಡೆಗೆ ಅಪ್ಪನ ಹಳೆಯ ಬಿಳಿ ಪಂಚೆ ಇಳಿಬಿಟ್ಟೆ. ಅದರ ಮುಂದೆ ಅಂಗಡಿಗಳಲ್ಲಿ ಕಳ್ಳನೋಟು ಪರೀಕ್ಷಿಸಲು ಇಟ್ಟಿರುತ್ತಾರಲ್ಲ, ಆ ನೀಲಿ ದೀಪ ಕಟ್ಟಿದೆ. ಮೊದಲ ವಾರ ಬಂದದ್ದು ನಾಲ್ಕೈದು. ಏಪ್ರಿಲ್ ಕೊನೆಯಲ್ಲಿ ಒಂದು ಹದ ಮಳೆ ಬಿದ್ದ ಮಾರನೆಯ ರಾತ್ರಿ ಪಂಚೆಯಲ್ಲಿ ಜಾಗವೇ ಇರಲಿಲ್ಲ. ಸೈನಿಕರ ಸಮವಸ್ತ್ರದಂಥ ಹಸಿರು ಮೈಯ ಒಂದು ದೊಡ್ಡ ಪತಂಗ ಬಂತು. ಅದರ ಹುಳು ಬೆಳೆಯುವುದು ನಮ್ಮ ಮನೆ ಮುಂದಿನ ಕಣಗಿಲೆ ಎಲೆ ತಿಂದು. ಇನ್ನೊಂದರ ಬೆನ್ನ ಮೇಲೆ ತಲೆಬುರುಡೆಯಂಥ ಗುರುತು. ಮುಟ್ಟಿದರೆ ಇಲಿಯಂತೆ ಚೀರಿತು. ಅಜ್ಜಿ ‘ಮನೆಯೊಳಗೆ ಬಿಡಬ್ಯಾಡ’ ಎಂದು ಗದರಿದಳು. ಅದು ಜೇನುಗೂಡಿಗೆ ನುಗ್ಗಿ ತುಪ್ಪ ಕದಿಯುವ ಹುಳ, ಬೇರೆ ಏನೂ ಮಾಡುವುದಿಲ್ಲ ಎಂದು ಹೇಳಿದ ಮೇಲೆ ಹತ್ತಿರ ಬಂದು ನೋಡಿದಳು.

ಅಪ್ಪನಿಗೆ ಇದೆಲ್ಲ ಅಷ್ಟಕ್ಕಷ್ಟೇ. ‘ಹುಳ ಓಡ್ಸೋಕೆ ನಾವು ದುಡ್ಡು ಸುರೀತೀವಿ, ನೀನು ದೀಪ ಹಚ್ಚಿ ಕರೀತೀಯ’ ಎಂದು ನಕ್ಕ. ಆದರೆ ಒಂದು ರಾತ್ರಿ ಅವನೇ ಬಂದು ಪಂಚೆಯ ಮುಂದೆ ಕೂತ. ‘ಇದರಾಗೆ ನಮ್ಮ ಮೆಕ್ಕೆಜೋಳ ತಿಂದಿದ್ದು ಯಾವುದು?’ ಎಂದ.

ಮೆಕ್ಕೆಜೋಳ ಬೆಳೆಯುವ ನಮ್ಮ ಭಾಗದ ರೈತನಿಗೆ ಈ ಪ್ರಶ್ನೆ ಸಣ್ಣದಲ್ಲ. ಫಾಲ್ ಸೈನಿಕ ಹುಳು ಅಮೆರಿಕ ಖಂಡದ ಪತಂಗವೊಂದರ ಹುಳು. 2016ರಲ್ಲಿ ಆಫ್ರಿಕಾಕ್ಕೆ ಬಂತು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ, ಮೆಕ್ಕೆಜೋಳದ ಹೊಲದಲ್ಲಿ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ‘ಇದು ಇಲ್ಲಿಯ ಹುಳುವಲ್ಲ’ ಎಂದು ಹಿಡಿದರು. ಒಂದೆರಡು ವರ್ಷದಲ್ಲಿ ಅದು ದೇಶದ ಬಹುತೇಕ ಮೆಕ್ಕೆಜೋಳದ ಸೀಮೆಗೆ ಹರಡಿತು. ಇಲ್ಲಿ ಮೊದಲು ಏನೇನಿತ್ತು ಎಂದು ತಿಳಿದವರು ಇದ್ದುದರಿಂದಲೇ ಹೊಸದು ಬಂದದ್ದು ಗೊತ್ತಾಯಿತು. ಊರಿನ ದೀಪಕ್ಕೆ ಬರುವ ಹುಳುಗಳ ಪಟ್ಟಿ ಇಟ್ಟುಕೊಳ್ಳುವುದರಲ್ಲಿ ಹೊಲದ ಲಾಭನಷ್ಟವೂ ಇದೆ ಎಂದು ಅಪ್ಪನಿಗೆ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಲ್ಲ.

ಅಂದು ನಾನು ಪಂಚೆಯ ಮೇಲಿದ್ದ ಒಂದು ಬೂದು ಪತಂಗ ತೋರಿಸಿ ‘ಇದೇ’ ಎಂದೆ. ಫೋಟೊವನ್ನು ‘ಐ-ನ್ಯಾಚುರಲಿಸ್ಟ್’ಗೆ ಹಾಕಿದೆ. ಎರಡು ದಿನದಲ್ಲಿ ಯಾರೋ ತಿಳಿದವರು ತಿದ್ದಿದರು: ಅದು ಸೈನಿಕ ಹುಳುವಿನ ದಾಯಾದಿ, ಹೊಗೆಸೊಪ್ಪಿನ ಎಲೆ ತಿನ್ನುವ ಹುಳುವಿನ ಪತಂಗ. ನನ್ನ ‘ಇದೇ’ ಸುಳ್ಳಾಯಿತು. ಇನ್ನೊಮ್ಮೆ ಹಕ್ಕಿಯ ದನಿ ಗುರುತಿಸುವ ಆ್ಯಪ್ ಅಳಿಲಿನ ಕೂಗಿಗೆ ಒಂದು ಹಕ್ಕಿಯ ಹೆಸರು ಹೇಳಿತು. ಮರದ ಮೇಲೆ ಅಳಿಲು ಕೂತದ್ದು ಕಂಡಿತ್ತಾದ್ದರಿಂದ ಬಚಾವಾದೆ.

ಕೃತಕ ಬುದ್ಧಿಮತ್ತೆ ಎಲ್ಲವನ್ನೂ ಗುರುತಿಸುತ್ತದೆ, ಇನ್ನು ಮನುಷ್ಯರಿಗೆ ಏನು ಕೆಲಸ ಎಂಬ ಮಾತು ನಮ್ಮ ಕಾಲೇಜಿನಲ್ಲಿ ದಿನಾ ಕೇಳುತ್ತೇವೆ. ಈ ಎರಡು ತಿಂಗಳಲ್ಲಿ ನನಗೆ ತಿಳಿದದ್ದು ಇಷ್ಟು: ಯಂತ್ರ ಕಲಿಯುವುದು ಜನ ಕೊಟ್ಟ ಚಿತ್ರಗಳಿಂದ, ದನಿಗಳಿಂದ. ಎಲ್ಲಿಂದ ಹೆಚ್ಚು ಚಿತ್ರ ಹೋಗಿದೆಯೋ ಅಲ್ಲಿಯ ಜೀವಿಗಳನ್ನು ಚೆನ್ನಾಗಿ ಗುರುತಿಸುತ್ತದೆ. ನನ್ನ ಪಂಚೆಗೆ ಬಂದ 63 ಬಗೆಯ ಪತಂಗಗಳಲ್ಲಿ ಜಾತಿಯವರೆಗೆ ಹೆಸರು ಸಿಕ್ಕಿದ್ದು 22ಕ್ಕೆ ಮಾತ್ರ. ಉಳಿದವುಗಳ ಮುಂದೆ ಆ್ಯಪ್ ಕೊಟ್ಟ ಊಹೆಗಳಿವೆ. ಅಂದಹಾಗೆ ಐ-ನ್ಯಾಚುರಲಿಸ್ಟ್ ಶುರುವಾದದ್ದು 2008ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಕೊನೆಯ ಪ್ರಾಜೆಕ್ಟ್ ಆಗಿ. ಅಂತಿಮ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತರುವ ಗೆಳೆಯರಿಗೆ ಇದನ್ನು ಹೇಳುತ್ತಿರುತ್ತೇನೆ.

ಆ್ಯಪ್‌ಗಳ ನಕ್ಷೆ ತೆಗೆದು ನೋಡಿದಾಗ ಇನ್ನೊಂದು ಸಂಗತಿ ಕಾಣುತ್ತದೆ. ಬೆಂಗಳೂರು, ಮೈಸೂರು, ಪಶ್ಚಿಮ ಘಟ್ಟದ ಸಾಲಿನಲ್ಲಿ ದಾಖಲೆಗಳು ದಟ್ಟವಾಗಿವೆ. ಮೈಸೂರಿನ ಹಕ್ಕಿಪ್ರಿಯರು 2014ರಿಂದ ಇಡೀ ನಗರವನ್ನು ಚೌಕಗಳಾಗಿ ವಿಂಗಡಿಸಿ ಹಕ್ಕಿ ಅಟ್ಲಾಸ್ ಮಾಡಿದರು. ಪಕ್ಕದ ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ಇಡೀ ರಾಜ್ಯಕ್ಕೇ ಅಟ್ಲಾಸ್ ಮಾಡಿದರು. ನಮ್ಮ ಬಯಲುಸೀಮೆಯ ಕಡೆ ಬಂದರೆ ಚುಕ್ಕಿಗಳು ವಿರಳವಾಗುತ್ತವೆ. ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿ 2011ರಲ್ಲಿ ವನ್ಯಧಾಮ ಘೋಷಣೆಯಾಗಿದೆ. ಅದನ್ನು ಬಿಟ್ಟರೆ, ಹೊರಗಿನವರ ಕಣ್ಣಿಗೆ ಇದು ಕಲ್ಲು, ಜಾಲಿ, ಒಣ ಹುಲ್ಲಿನ ನಾಡು.

ಸರ್ಕಾರಿ ಭಾಷೆಯಲ್ಲಿ ಇಂಥ ನೆಲಕ್ಕೆ ‘ಬೀಳು’ ಎನ್ನುತ್ತಾರೆ. ನನ್ನ ವಿಷಯ ಎಲೆಕ್ಟ್ರಿಕಲ್. ಹಾಗಾಗಿ ಇಲ್ಲಿ ನನ್ನ ಹೊಟ್ಟೆಪಾಡೂ ಇದೆ. ಗಾಳಿಯಂತ್ರಗಳು ನಮ್ಮ ಗುಡ್ಡಗಳ ಮೇಲೆ ತಿರುಗುತ್ತಿವೆ. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ನಾಳೆ ನನಗೆ ಕೆಲಸ ಸಿಕ್ಕರೆ ಇಂಥ ಕಂಪನಿಯಲ್ಲೇ ಸಿಗಬೇಕು, ಸಿಗಲಿ ಎಂದು ಆಸೆಯೂ ಇದೆ. ಕಲ್ಲಿದ್ದಲು ಸುಡುವುದಕ್ಕಿಂತ ಬಿಸಿಲು, ಗಾಳಿ ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸೌರ, ಪವನ ವಿದ್ಯುತ್ ಯೋಜನೆಗಳು 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ವ್ಯಾಪ್ತಿಯಲ್ಲಿ ಇಲ್ಲ. ಯೋಜನೆಗೆ ಮುಂಚೆ ಆ ನೆಲದಲ್ಲಿ ಏನಿದೆ ಎಂದು ಆ ಅಧಿಸೂಚನೆಯ ಪ್ರಕಾರ ನೋಡಬೇಕಾದ ಕಡ್ಡಾಯವಿಲ್ಲ. ಇತ್ತ, ಹಕ್ಕಿಗಳ ವರದಿ ಹೇಳುವ ಪ್ರಕಾರ ಅತಿ ಹೆಚ್ಚು ಕುಸಿದವುಗಳಲ್ಲಿ ಹುಲ್ಲುಗಾವಲು, ತೆರೆದ ಬಯಲಿನ ಹಕ್ಕಿಗಳೇ ಇವೆ. ಒಂದು ಕಡೆ ಬಯಲಿನ ಹಕ್ಕಿ ಕಡಿಮೆಯಾಗುತ್ತಿದೆ, ಇನ್ನೊಂದು ಕಡೆ ಬಯಲಿಗೆ ದಾಖಲೆಯಿಲ್ಲ. ದಾಖಲೆ ಇಲ್ಲದ ನೆಲ ಕಾಗದದಲ್ಲಿ ಸುಲಭವಾಗಿ ಬೀಳು ನೆಲವಾಗುತ್ತದೆ.

ಯೋಜನೆ ಬೇಡ ಎನ್ನಲು ನಾನು ಇದನ್ನು ಬರೆಯುತ್ತಿಲ್ಲ. ನಕ್ಷೆ ಎಳೆಯುವ ಎಂಜಿನಿಯರ್ ಮುಂದೆ ಆ ನೆಲದ ಪಟ್ಟಿ ಇರಬೇಕು ಎನ್ನುತ್ತಿದ್ದೇನೆ. ಯಾವ ಗುಡ್ಡ ಬಿಟ್ಟು ಯಾವ ಗುಡ್ಡ ಆರಿಸಬಹುದು, ತಂತಿಯನ್ನು ಯಾವ ಕಡೆಯಿಂದ ಒಯ್ಯಬಹುದು ಎಂಬ ಪ್ರಶ್ನೆಗಳಿಗೆ ಆಗ ಮಾತ್ರ ಅರ್ಥ ಬರುತ್ತದೆ. ನಾಳೆ ಆ ಎಂಜಿನಿಯರ್ ನಾನೇ ಆಗಿರಬಹುದು.

ಇಂಥ ಪಟ್ಟಿಗೆ ಕಾನೂನಿನಲ್ಲೇ ಜಾಗವಿದೆ ಎಂಬುದು ನನಗೆ ತಡವಾಗಿ ತಿಳಿಯಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜನರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಅದರ ಮುಖ್ಯ ಕೆಲಸ ಎಂದು 2004ರ ನಿಯಮಗಳು ಹೇಳಿದ್ದವು. ಕೆಲಸ ನಿಧಾನವಾದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿತು. ಈಗ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ದಾಖಲಾತಿಗಳಿವೆ ಎಂದು ಲೆಕ್ಕ ಸಿಗುತ್ತದೆ.

ಹಾಗಿದ್ದರೆ ನಮ್ಮ ಪಂಚಾಯಿತಿಯದೂ ಇರಬೇಕಲ್ಲ ಎಂದು ಮೇ ತಿಂಗಳ ಒಂದು ಶನಿವಾರ ಕಚೇರಿಗೆ ಹೋದೆ. ಪಿಡಿಒ ಮೇಡಂ ಅಲ್ಮೇರಾ ಹುಡುಕಿಸಿ ಒಂದು ಪುಸ್ತಕ ಕೊಟ್ಟರು. ಹಕ್ಕಿಗಳ ಪುಟದಲ್ಲಿ ಐದು ಹೆಸರು: ಕಾಗೆ, ಗುಬ್ಬಿ, ಪಾರಿವಾಳ, ಗಿಳಿ, ನವಿಲು. ಕೀಟಗಳು ಮೂರು: ಜೇನು, ಇರುವೆ, ಚಿಟ್ಟೆ. ಪತಂಗವಿಲ್ಲ. ರಾಜ್ಯ ಪಕ್ಷಿ ಇಲ್ಲ. ಮೀನುಗಳ ಪುಟ ತಿರುಗಿಸಿದರೆ ಅಲ್ಲಿ ಬಂಗುಡೆ ಇತ್ತು! ಮಳೆಗೇ ಬಾಯಿ ಬಿಡುವ ನಮ್ಮ ಸೀಮೆಗೆ ಸಮುದ್ರದ ಮೀನು ಹೇಗೆ ಬಂತು? ಯಾವುದೋ ಕರಾವಳಿಯ ಊರಿನ ಪುಸ್ತಕದಿಂದ ನಕಲಾಗಿರಬೇಕು. ಗಡುವು ಬಂದಾಗ ಪುಸ್ತಕ ತುಂಬಿದೆ, ಊರು ತುಂಬಿಲ್ಲ.

ನಾನು ಸಿಟ್ಟಿನಿಂದಲೇ ತೋರಿಸಿದೆ. ಮೇಡಂ ತಪ್ಪು ಮುಚ್ಚಿಡಲಿಲ್ಲ. ‘ನಾನು ಬರೋಕೆ ಮುಂಚೆ ಮಾಡಿದ್ದಪ್ಪ ಇದು. ಹಕ್ಕಿ ಗುರುತಿಸೋಕೆ ನಮಗೂ ಬರಲ್ಲ, ಗೊತ್ತಿರೋರು ಯಾರೂ ಬಂದೂ ಹೇಳಲಿಲ್ಲ. ನೀನು ಬರೆದು ಕೊಡು, ಸಮಿತಿ ಮುಂದೆ ಇಡ್ತೀನಿ’ ಎಂದರು. ಆ ಮಾತು ನನ್ನನ್ನು ಸುಮ್ಮನಾಗಿಸಿತು. ನಾನೂ ಈ ವರ್ಷದವರೆಗೆ ಬಂದು ಹೇಳದವರಲ್ಲಿ ಒಬ್ಬ. ಮನೆಗೆ ಬಂದು 58 ಹಕ್ಕಿಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದೆ. ಊರಿನ ಹೆಸರು ಅಜ್ಜಿಯದು, ಪುಸ್ತಕದ ಹೆಸರು ಕಾಲೇಜು ಗ್ರಂಥಾಲಯದಲ್ಲಿ ಸಿಕ್ಕ ತೇಜಸ್ವಿ ಅವರ ಹಕ್ಕಿಗಳ ಪುಸ್ತಕದ್ದು. ಖಚಿತವಾದ 22 ಪತಂಗಗಳನ್ನು ಸೇರಿಸಿದೆ; ಊಹೆಯವನ್ನು ಬಿಟ್ಟೆ. ಎಲ್ಲಿ, ಯಾವ ದಿನ, ಎಷ್ಟು ಎಂದು ಬರೆದು ಎರಡು ಪ್ರತಿ ಮಾಡಿ ಒಂದಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೆ. ಸಮಿತಿಯ ಸಭೆ ಇನ್ನೂ ಆಗಿಲ್ಲ.

ಕಾಗದದಲ್ಲಿ ಬರೆದರೆ ಏನಾಗುತ್ತದೆ ಎಂದು ಕೇಳುವವರಿಗೆ ಎರಡು ಉದಾಹರಣೆ ಸಾಕು. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಕಾಡಲ್ಲ, ಅಭಯಾರಣ್ಯವಲ್ಲ, ಹಳೆಯ ಹುಣಸೆ ಮರಗಳ ತೋಪು. ಬೆಂಗಳೂರಿನ ಜಿಕೆವಿಕೆ ಒಂದು ಕಾಲೇಜು ಕ್ಯಾಂಪಸ್. ಅದೂ 2010ರಲ್ಲಿ ಅಂಥ ತಾಣವಾಯಿತು. ಎರಡಕ್ಕೂ ಅದೇ 2002ರ ಕಾಯ್ದೆಯೇ ಆಧಾರ. ಅಲ್ಲಿ ಏನಿದೆ ಎಂದು ತೋರಿಸಲು ಸಾಧ್ಯವಾಗಿದ್ದರಿಂದ ಅದು ಆಯಿತು.

ಗೆಳೆಯರೇ, ನಮ್ಮಲ್ಲಿ ಬಹಳ ಮಂದಿ ಬೇಸಿಗೆಯಲ್ಲಿ ಊರಲ್ಲಿ ಇರುತ್ತೇವೆ. ಫಲಿತಾಂಶಕ್ಕೆ ಕಾಯುತ್ತಿರುತ್ತೇವೆ, ಅರ್ಜಿ ಹಾಕಿ ಕಾಯುತ್ತಿರುತ್ತೇವೆ. ಬೆಳಿಗ್ಗೆ ಹದಿನೈದು ನಿಮಿಷ, ವಾರಕ್ಕೊಂದು ರಾತ್ರಿ ಎರಡು ಗಂಟೆ ಕೊಟ್ಟರೆ ಇದು ಆಗುವ ಕೆಲಸ. ಇದರಿಂದ ನೌಕರಿ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಮೋಸ. ಕೆಲವು ಎಚ್ಚರಗಳೂ ಬೇಕು. ಗೂಡಿನ ಹತ್ತಿರ ಹೋಗಬಾರದು, ಗೂಡಿರುವ ಜಾಗವನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಬಾರದು. ಆ್ಯಪ್‌ನಿಂದ ದನಿ ಹಾಕಿ ಹಕ್ಕಿ ಕರೆಯಬಾರದು. ಪತಂಗದ ದೀಪವನ್ನು ರಾತ್ರಿಯಿಡೀ ಉರಿಸದೆ ಒಂದೆರಡು ಗಂಟೆಗೆ ಆರಿಸಬೇಕು. ಬೆಳಗಿನವರೆಗೆ ಬಿಟ್ಟರೆ ಕಾಜಾಣಕ್ಕೆ ಊಟದ ತಟ್ಟೆ ಇಟ್ಟಂತೆ. ಖಚಿತವಿಲ್ಲದ್ದನ್ನು ಖಚಿತ ಎಂದು ಬರೆಯಬಾರದು. ಬಂಗುಡೆ ಪುಸ್ತಕಕ್ಕೆ ಸೇರಿದ್ದು ಹಾಗೆಯೇ. ಕೊನೆಯದಾಗಿ, ಪಟ್ಟಿ ಮೊಬೈಲ್‌ನಲ್ಲೇ ಉಳಿಯದೆ ಪಂಚಾಯಿತಿಗೂ ತಲುಪಬೇಕು. ಪಿಡಿಒ ಪರೀಕ್ಷೆಗೆ ಓದುತ್ತಿರುವ ನಮ್ಮಲ್ಲಿ ಕೆಲವರ ಅಲ್ಮೇರಾದಲ್ಲಿ ನಾಳೆ ಇದೇ ಪುಸ್ತಕ ಇರುತ್ತದೆ. ಆಗ ಅದನ್ನು ತೆರೆದು ನೋಡುವ ಅಧಿಕಾರಿ ಆಗುವುದೂ ಒಂದು ಸಾಧನೆಯೇ.

ನನ್ನ ಪಟ್ಟಿಯಿಂದ ಈವರೆಗೆ ಉಳಿದದ್ದು ಒಂದೇ ಒಂದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದಾಗ ನಮ್ಮ ಬೋರ್‌ವೆಲ್ ಬತ್ತಿತು. ಹೊಲದ ಅಂಚಿನ ತೆಂಗಿನ ಮರವೊಂದರ ಸುಳಿ ಒಣಗಿ ತಲೆ ಬಿದ್ದು, ಬೋಳು ಕಾಂಡ ಮಾತ್ರ ನಿಂತಿದೆ. ಮಳೆಗಾಲಕ್ಕೆ ಮುಂಚೆ ಅದನ್ನು ಕಡಿದು ದನದ ಕೊಟ್ಟಿಗೆಗೆ ತೊಲೆ ಮಾಡುವುದೆಂದು ಅಪ್ಪ ಹೇಳಿದ್ದ. ಏಪ್ರಿಲ್ ಮೊದಲ ವಾರ ಆ ಕಾಂಡದ ಪೊಟರೆಗೆ ನೀಲಕಂಠದ ಜೋಡಿ ಹೋಗಿಬರುವುದು ಕಂಡಿತು. ಮೇ ತಿಂಗಳಿಗೆ ಎರಡೂ ಸರದಿಯಲ್ಲಿ ಮಿಡತೆ, ಜೀರುಂಡೆ ಹಿಡಿದು ಒಳಗೆ ಒಯ್ಯತೊಡಗಿದವು. ಒಮ್ಮೆ ಕೊಕ್ಕಿನಲ್ಲಿ ದಪ್ಪನೆಯ ಪತಂಗವೊಂದು ಇತ್ತು. ನನ್ನ ಎರಡು ಪಟ್ಟಿಗಳೂ ಸೇರುವ ಜಾಗ ಅದೇ ಎಂದು ಆಗ ಹೊಳೆಯಿತು.

ಅಪ್ಪನಿಗೆ ಹೇಳಿದೆ. ‘ಮಳೆ ಬಂದ್ರೆ ದನ ಎಲ್ಲಿ ಕಟ್ಟಲಿ? ಹಕ್ಕಿ ಪೊಟರೆಯಾಗಾ?’ ಎಂದ. ಅವನ ಪ್ರಶ್ನೆಯೂ ಸರಿಯೇ. ಒಂದು ಗೂಡು ಉಳಿದರೆ ನೀಲಕಂಠದ ಕುಲ ಉಳಿಯುತ್ತದೆ ಎಂದೇನೂ ನಾನು ನಂಬಿಲ್ಲ. ಮಿನಿ ಪ್ರಾಜೆಕ್ಟಿನ ಸಾಮಾನಿಗೆಂದು ಇಟ್ಟಿದ್ದ ದುಡ್ಡಿನಲ್ಲಿ ಎರಡು ನೀಲಗಿರಿ ಕಂಬ ತಂದೆ. ಅಪ್ಪ ಏನೂ ಮಾತಾಡದೆ ಅವನ್ನು ಹೂಳಿ, ಅಡ್ಡಕ್ಕೆ ಬಿದಿರು ಕಟ್ಟಿ ಶೀಟು ಹೊದಿಸಿದ. ಮಿನಿ ಪ್ರಾಜೆಕ್ಟಿಗೆ ಸೀನಿಯರ್ ಒಬ್ಬರ ಹಳೆಯ ಬೋರ್ಡ್ ಸಿಕ್ಕಿತು.

ರೋಹಿಣಿ ಮಳೆಯ ಹೊತ್ತಿಗೆ, ಪರೀಕ್ಷೆಗೆ ಓದಲೆಂದು ಊರಲ್ಲಿದ್ದಾಗ, ಒಂದು ಬೆಳಿಗ್ಗೆ ಅಪ್ಪನೇ ಬಂದು ನನ್ನನ್ನು ಎಬ್ಬಿಸಿದ. ‘ತಂತಿ ಮ್ಯಾಲೆ ಐದು ಕುಂತಾವೆ ನೋಡು. ಬರ್ಕಾ’ ಎಂದ. ಎದ್ದು ಹೋಗಿ ಎಣಿಸಿದೆ. ಐದೇ ಇದ್ದವು: ದೊಡ್ಡವು ಎರಡು, ಬಣ್ಣ ಇನ್ನೂ ಮಂಕಾಗಿದ್ದ ಮರಿಗಳು ಮೂರು. ಸಮಯ 6.20. ಪಟ್ಟಿಯಲ್ಲಿ ಬರೆದುಕೊಂಡೆ.